ಮತದಾರ ಹಾಜರು, ಚುನಾವಣೆ ಗೈರು

ಪಂಚಾಯತಿ ಚುನಾವಣೆಯಲ್ಲಿ ಮತ ಹಾಕುವುದು ಕರ್ನಾಟಕದಲ್ಲಿ ಕಡ್ಡಾಯ ಎಂಬ ಸಂಗತಿಯನ್ನು ಗೋಣಿಕೊಪ್ಪಲಿನ ಸಂತೆಯಲ್ಲಿ ಮೂವರ ಮುಂದೆ ಹೇಳಿ ನೋಡಿ. ಒಬ್ಬರು ನಗುತ್ತಾರೆ, ಇನ್ನೊಬ್ಬರು ದಂಡ ಎಷ್ಟೆಂದು ವಿಚಾರಿಸುತ್ತಾರೆ, ದಂಡವೇ ಇಲ್ಲ ಎಂದ ಕೂಡಲೇ ಮೂರನೆಯವರು ಕಾಳುಮೆಣಸಿನ ದರದ ಮಾತಿಗೆ ಮರಳುತ್ತಾರೆ. ಆದರೂ ಅದು ಸತ್ಯ. ಕಡ್ಡಾಯ ಮತದಾನ ಈ ದೇಶಕ್ಕೆ ಬೇಡ ಎಂದು ಕಾನೂನು ಆಯೋಗವು ತನ್ನ 255ನೇ ವರದಿಯಲ್ಲಿ ಹೇಳಿದ 2015ರಲ್ಲಿಯೇ ನಮ್ಮ ರಾಜ್ಯವು ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಕಡ್ಡಾಯಗೊಳಿಸಿತು. ಗುಜರಾತಿನವರು ನೂರು ರೂಪಾಯಿ ದಂಡ ಗೊತ್ತುಮಾಡಿ ಅದೇ ವರ್ಷ ಹೈಕೋರ್ಟಿನ ತಡೆಯಾಜ್ಞೆಗೆ ಸಿಕ್ಕಿಬಿದ್ದರು. ನಮ್ಮವರು ಜಾಣರು, ದಂಡವನ್ನೇ ಬರೆಯದ ಕಾನೂನಿಗೆ ತಡೆಯಾಜ್ಞೆ ತರಲು ವಕೀಲರಿಗೆ ಹಣ ಸುರಿಯುವವರು ಯಾರೂ ಇರಲಾರರು.

ಈ ವಿದ್ಯೆಯನ್ನು ಗಂಭೀರವಾಗಿ ಅಭ್ಯಾಸ ಮಾಡಿದವರು ಆಸ್ಟ್ರೇಲಿಯಾದವರು. 1922ರ ಚುನಾವಣೆಯಲ್ಲಿ ಅಲ್ಲಿ ನೂರಕ್ಕೆ ಅರವತ್ತು ಮಂದಿಯೂ ಮತಗಟ್ಟೆಗೆ ಬರಲಿಲ್ಲವಾಗಿ, 1924ರಲ್ಲಿ ಕಾನೂನು ಮಾಡಿದರು. ಮರುವರ್ಷದ ಚುನಾವಣೆಗೆ ತೊಂಬತ್ತಕ್ಕೂ ಹೆಚ್ಚು ಮಂದಿ ಬಂದು ನಿಂತರು. ಬಾರದವರಿಗೆ ಇಂದಿಗೂ ಕೇಂದ್ರದ ಚುನಾವಣೆಯಲ್ಲಿ ಇಪ್ಪತ್ತು ಡಾಲರ್ ದಂಡವಿದೆ. ಮತದಾನ ಶನಿವಾರ ನಡೆಯುತ್ತದೆ, ಮತಗಟ್ಟೆಯ ಅಂಗಳದಲ್ಲಿ ಸಾಸೇಜ್ ಸುಟ್ಟು ಮಾರುತ್ತಾರೆ. ಬಾರದಿದ್ದುದಕ್ಕೆ ಸಮರ್ಪಕವಾದ ಕಾರಣ ಕೊಟ್ಟವರಿಗೆ ಮಾತ್ರ ದಂಡ ಮಾಫಿ.

ಈ ಕೊನೆಯ ನಿಯಮವನ್ನು ಕೊಡಗಿನಲ್ಲಿ ಜಾರಿಗೆ ತಂದರೆ ಏನಾದೀತು ಎಂದು ನಾನು ಆಗಾಗ ಯೋಚಿಸುವುದುಂಟು. ನಮ್ಮಲ್ಲಿ ಕಾರಣಗಳಿಗೆ ಬರಗಾಲವಿಲ್ಲ. ಲೋಕಸಭಾ ಚುನಾವಣೆ ಬರುವುದು ಕಾಫಿ ಗಿಡಗಳು ಹೂಮಳೆಗೆ ಕಾಯುವ ಕಾಲದಲ್ಲಿ. ಮಳೆ ಕೈಕೊಟ್ಟಾಗ ತುಂತುರು ನೀರಾವರಿಯ ಪೈಪು ಹಿಡಿದು ನಿಂತವನಿಗೆ ಪ್ರಜಾಪ್ರಭುತ್ವವು ಮಧ್ಯಾಹ್ನದ ನಂತರವಷ್ಟೇ ನೆನಪಾಗುತ್ತದೆ. ಆನೆಯಂತೂ ಇದ್ದೇ ಇದೆ. ತೋಟದ ದಾರಿಯಲ್ಲಿ ಆನೆ ನಿಂತಿದ್ದರಿಂದ ಮತಗಟ್ಟೆಗೆ ಹೋಗಲಾಗಲಿಲ್ಲ ಎಂದು ಸಿದ್ದಾಪುರದ ಕಡೆಯವನೊಬ್ಬ ಬರೆದುಕೊಟ್ಟನೆನ್ನಿ. ಚುನಾವಣಾಧಿಕಾರಿಯು ಅದನ್ನು ದೃಢೀಕರಣಕ್ಕಾಗಿ ಅರಣ್ಯಾಧಿಕಾರಿಗೆ ಕಳುಹಿಸುತ್ತಾನೆ. ಆನೆ ಇದ್ದದ್ದು ನಿಜವೆಂದು ಒಪ್ಪಿದರೆ ಮುರಿದ ಬಾಳೆಗೂ ತುಳಿದ ಗದ್ದೆಗೂ ಪರಿಹಾರ ಕೊಡಬೇಕಾಗುತ್ತದಾದ್ದರಿಂದ ಅರಣ್ಯಾಧಿಕಾರಿಯು ಆ ದಿನ ಆ ಸ್ಥಳದಲ್ಲಿ ಯಾವುದೇ ಆನೆ ಇರಲಿಲ್ಲವೆಂದು ವರದಿ ನೀಡುತ್ತಾನೆ. ಹೀಗೆ ಇಲ್ಲದ ಆನೆಗೆ ಹೆದರಿ ಮನೆಯಲ್ಲಿ ಕುಳಿತ ಅಪರಾಧಕ್ಕೆ ಮತದಾರನು ದಂಡ ತೆರುತ್ತಾನೆ.

ಇದಕ್ಕಿಂತ ಕಠಿಣವಾದದ್ದು ಹೋಂಸ್ಟೇ ನಡೆಸುವವರ ಪಾಡು. 2024ರ ಏಪ್ರಿಲ್ 26, ಶುಕ್ರವಾರ, ಮೈಸೂರು-ಕೊಡಗು ಕ್ಷೇತ್ರಕ್ಕೂ ಬೆಂಗಳೂರಿಗೂ ಒಂದೇ ದಿನ ಮತದಾನವಿತ್ತು. ವಾರಾಂತ್ಯಕ್ಕೆ ಅಂಟಿಕೊಂಡ ರಜೆಯನ್ನು ರಾಜಧಾನಿಯ ನಾಗರಿಕರು ಹೇಗೆ ಬಳಸುತ್ತಾರೆಂಬುದು ಚುನಾವಣಾ ಆಯೋಗಕ್ಕೂ ತಿಳಿಯದ ವಿಷಯವಲ್ಲ. 2023ರ ವಿಧಾನಸಭಾ ಚುನಾವಣೆಯನ್ನು ಆಯೋಗವು ಬೇಕೆಂದೇ ಬುಧವಾರಕ್ಕೆ ಇಟ್ಟಿತ್ತು. ತನ್ನ ಮತವನ್ನು ಬೆಂಗಳೂರಿನಲ್ಲಿ ಬಿಟ್ಟು ಬಂದ ಅತಿಥಿಗೆ ಬೆಳಗ್ಗೆ ಎಂಟಕ್ಕೆ ಕಡಂಬಿಟ್ಟು ಬೇಕು. ಅದನ್ನು ಬೇಯಿಸುವವಳು ಮತಗಟ್ಟೆಯ ಸಾಲಿನಲ್ಲಿ ನಿಂತಿದ್ದಾಳೆ. ಕಡ್ಡಾಯದ ಕಾನೂನು ಇಬ್ಬರಲ್ಲಿ ಯಾರ ಹಿಂದೆ ಓಡಬೇಕು? ಸಾಲಿನಲ್ಲಿ ನಿಂತವಳ ವಿಳಾಸ ಸುಲಭವಾಗಿ ಸಿಗುತ್ತದೆಯಾದ್ದರಿಂದ ಅವಳ ಹಿಂದೆಯೇ ಓಡೀತು ಎಂಬುದು ನನ್ನ ಅನುಮಾನ.

ಆಸ್ಟ್ರೇಲಿಯಾದ ಪದ್ಧತಿಯಲ್ಲಿ ಇನ್ನೊಂದು ಅಪಾಯವಿದೆ. ಅಲ್ಲಿನ ಕೆಳಮನೆಯ ಮತಪತ್ರದಲ್ಲಿ ಒಬ್ಬನಿಗೆ ಗುರುತು ಹಾಕಿ ಹೊರಬರುವಂತಿಲ್ಲ. ಕಣದಲ್ಲಿರುವ ಪ್ರತಿಯೊಬ್ಬನಿಗೂ ಒಂದು, ಎರಡು, ಮೂರು ಎಂದು ಕ್ರಮಾಂಕ ಕೊಡಲೇಬೇಕು. ಬೇಸರಗೊಂಡವರು ಮೇಲಿನಿಂದ ಕೆಳಕ್ಕೆ ಒಂದೇ ಸಮನೆ ಅಂಕಿ ಬರೆದು ಹೋಗುತ್ತಾರೆ, ಅದಕ್ಕೆ ಕತ್ತೆ ಮತ ಎಂದು ಹೆಸರು. ನಮ್ಮಲ್ಲಿ ಒಂದೇ ಐನ್‌ಮನೆಯ ನೆಂಟರಿಷ್ಟರು ಎರಡು ಮೂರು ಪಕ್ಷಗಳಲ್ಲಿ ಹಂಚಿಹೋಗಿರುವುದು ಹೊಸತೇನಲ್ಲ. ಯಾರಿಗೂ ತಿಳಿಯದ ಹಾಗೆ ಒಬ್ಬನಿಗೆ ಗುಂಡಿ ಒತ್ತಿ ಎಲ್ಲರಿಗೂ ನಿನಗೇ ಹಾಕಿದ್ದೇನೆ ಎಂದು ಹೇಳಿ ಬಾಂಧವ್ಯ ಉಳಿಸಿಕೊಂಡವರ ಕೈಗೆ ಪೆನ್ಸಿಲ್ ಕೊಟ್ಟು, ಸೋದರಮಾವನಿಗೆ ನಾಲ್ಕನೆಯ ಸ್ಥಾನವೋ ಐದನೆಯದೋ ಬರೆಯಿರಿ ಎಂದರೆ, ಅವರೆಲ್ಲ ಕತ್ತೆಯನ್ನೇ ನೆಚ್ಚಿಕೊಂಡಾರು.

ಜನಮತಗಣನೆಯ ವಿಷಯದಲ್ಲಿ ಮಾತ್ರ ಆ ದೇಶದವರ ಮೇಲೆ ನನಗೆ ಅಸೂಯೆ. ಅವರ ಸಂವಿಧಾನದ ಒಂದು ಅಕ್ಷರ ತಿದ್ದಬೇಕಾದರೂ ಜನರನ್ನು ಕೇಳಬೇಕು. ಒಟ್ಟು ಮತದಾರರಲ್ಲಿ ಬಹುಮತವೂ ಬೇಕು, ಆರು ರಾಜ್ಯಗಳಲ್ಲಿ ನಾಲ್ಕರ ಒಪ್ಪಿಗೆಯೂ ಬೇಕು. 2023ರವರೆಗೆ ಕೇಳಿದ 45 ಪ್ರಶ್ನೆಗಳಲ್ಲಿ ಜನ ಒಪ್ಪಿದ್ದು ಎಂಟನ್ನು ಮಾತ್ರ, ಅದರಲ್ಲಿಯೂ ಕೊನೆಯ ಒಪ್ಪಿಗೆ 1977ರದ್ದು. ಬಲವಂತವಾಗಿ ಕರೆತಂದು ಕೇಳಿದರೆ ಮನುಷ್ಯ ಸಹಜವಾಗಿ ಬೇಡವೆನ್ನುತ್ತಾನೆ. ನಮಗೆ ಬೇಡವೆನ್ನುವ ಕಷ್ಟವನ್ನೂ ಯಾರೂ ಕೊಟ್ಟಿಲ್ಲ. 1952ರಲ್ಲಿ 24 ಸ್ಥಾನಗಳ ಸ್ವಂತ ವಿಧಾನಸಭೆಯನ್ನು ಆರಿಸಿಕೊಂಡಿದ್ದ ಕೊಡಗು ರಾಜ್ಯವು 1956ರ ನವೆಂಬರ್ 1ರಂದು ಮೈಸೂರಿನೊಳಗೆ ಸೇರಿಹೋದಾಗ ಮತಪೆಟ್ಟಿಗೆ ಇಟ್ಟು ಪ್ರತ್ಯೇಕವಾಗಿ ಕೇಳಿದವರಿಲ್ಲ. ಮಹಾರಾಷ್ಟ್ರಕ್ಕೆ ಸೇರುವಿರಾ ಎಂದು ಗೋವಾದವರನ್ನು 1967ರಲ್ಲಿ ಕೇಳಿದರು, ಅವರು ಇಲ್ಲವೆಂದು ಉಳಿದುಕೊಂಡರು. ಸೇರಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಕೇಳುವ ಸೌಜನ್ಯದ ಮಾತಷ್ಟೆ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಒಂದು ಗೊಂದಲವನ್ನು ಬಿಡಿಸಿಕೊಳ್ಳುವುದಕ್ಕಾಗಿ. ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ ಕೊನೆಯ ಬಾರಿ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅವಧಿ ತೀರುವ ಮುನ್ನವೇ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ಆದರೆ ಕ್ಷೇತ್ರ ವಿಂಗಡಣೆಯಾಗಬೇಕು, ಮೀಸಲಾತಿ ಪಟ್ಟಿ ತಯಾರಾಗಬೇಕು, ಅದಕ್ಕೆ ಆಕ್ಷೇಪಣೆ ಬರಬೇಕು, ಪ್ರಕರಣ ನ್ಯಾಯಾಲಯಕ್ಕೆ ಹೋಗಬೇಕು ಎನ್ನುತ್ತ ಹಲವು ಹುತ್ತರಿಗಳು ಕಳೆದುಹೋದವು. 2016ರಲ್ಲಿ ಮೂರು ತಾಲ್ಲೂಕುಗಳಿದ್ದ ಜಿಲ್ಲೆಯಲ್ಲಿ ಆಮೇಲೆ ಪೊನ್ನಂಪೇಟೆ ಮತ್ತು ಕುಶಾಲನಗರಗಳು ಹುಟ್ಟಿಕೊಂಡವು. ಕಚೇರಿಗೆ ಫಲಕ ಬಂತು, ಅಧಿಕಾರಿಗೆ ಜೀಪು ಬಂತು, ಜನ ಆರಿಸುವ ಸದಸ್ಯರು ಮಾತ್ರ ಬರಲಿಲ್ಲ. ಮತ ಹಾಕುವುದು ನಮಗೆ ಕಡ್ಡಾಯ, ಚುನಾವಣೆ ನಡೆಸುವುದು ಸರ್ಕಾರಕ್ಕೆ ಐಚ್ಛಿಕ ವಿಷಯ.

ಎಲ್ಲಿ ಕಾನೂನು ಭಂಗವಾಗುತ್ತಿದೆಯೋ ಎಂಬ ಭಯದಿಂದ ನಾನು ನಿನ್ನೆ ರಾತ್ರಿ ಒಂದು ಅರ್ಜಿಯ ಕರಡು ಸಿದ್ಧಪಡಿಸಿದೆ. ಯಾವ ಕಚೇರಿಗೆ ಕೊಡಬೇಕೆಂದು ಇನ್ನೂ ತೀರ್ಮಾನಿಸಿಲ್ಲವಾದ್ದರಿಂದ ಮಾನ್ಯರೇ ಎಂದಷ್ಟೇ ಬರೆದಿದ್ದೇನೆ. ಕಳೆದ ಅವಧಿ ಮುಗಿದ ಮೇಲೆ ನಾನು ಜಿಲ್ಲಾ ಪಂಚಾಯತಿಗಾಗಲೀ ತಾಲ್ಲೂಕು ಪಂಚಾಯತಿಗಾಗಲೀ ಒಮ್ಮೆಯೂ ಮತ ಹಾಕಿರುವುದಿಲ್ಲ. ಆ ದಿನಗಳಲ್ಲಿ ನನ್ನ ತೋಟದಲ್ಲಿ ಹೂಮಳೆ ಸಕಾಲಕ್ಕೆ ಬಿದ್ದಿತ್ತು, ದಾರಿಯಲ್ಲಿ ಆನೆ ಇರಲಿಲ್ಲ, ಇರಲಿಲ್ಲವೆಂಬುದಕ್ಕೆ ಅರಣ್ಯ ಇಲಾಖೆಯ ವರದಿಯನ್ನೂ ತರಬಲ್ಲೆ, ಮನೆಯಲ್ಲಿ ಬೆಂಗಳೂರಿನ ಅತಿಥಿಗಳೂ ತಂಗಿರಲಿಲ್ಲ. ಆದುದರಿಂದ ಗೈರುಹಾಜರಿಗೆ ನನ್ನ ಬಳಿ ಯಾವುದೇ ಸಮರ್ಪಕ ಕಾರಣವಿಲ್ಲವೆಂದು ವಿನಮ್ರವಾಗಿ ಒಪ್ಪಿಕೊಂಡು, ಕಾಯ್ದೆಯಲ್ಲಿ ಬರೆಯದಿರುವ ದಂಡವನ್ನು ಕಟ್ಟಲು ಸಿದ್ಧನಿದ್ದೇನೆ, ರಸೀದಿ ದಯಪಾಲಿಸಬೇಕು.