50 ಎಂಎಲ್ ಕಾಡು

ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರದ ಆ ಹೋರ್ಡಿಂಗ್ ನೀವೂ ನೋಡಿರುತ್ತೀರಿ. ಗಡ್ಡದ ಹುಡುಗ, ಹೆಗಲ ಮೇಲೆ ಕೊಡಲಿ, ಹಿಂದೆ ಮಂಜು. ಅಂಗಿಗೆ ಗುಂಡಿ ಮಾತ್ರ ಹಾಕಿಲ್ಲ. ‘ಕಾಡು ನಿಮ್ಮೊಳಗಿದೆ’ ಅಂತ ಕೆಳಗೆ ದಪ್ಪ ಅಕ್ಷರ. ಮಾರುತ್ತಿರುವುದು ಗಂಡಸರ ಸೆಂಟು. ಕೊಡಲಿ ಹಿಡಿದ ರೀತಿ ನೋಡಿದರೆ ಅವನು ಈವರೆಗೆ ಒಂದು ಬಾಳೆಗಿಡವನ್ನೂ ಕಡಿದವನಲ್ಲ. ನಮ್ಮ ಕಡೆ ಹೀಗೆ ಅಂಗಿ ಬಿಚ್ಚಿ ಕೊಡಲಿ ಹೊತ್ತು ಕಾಡಿಗೆ ಹೊಕ್ಕರೆ ಮೊದಲು ಉಂಬಳ, ಅಂದರೆ ಜಿಗಣೆ, ಹತ್ತುತ್ತದೆ, ಆಮೇಲೆ ಕೇಸು ಬೀಳುತ್ತದೆ.

ನಮ್ಮ ಅಕ್ಕನ ಮಗ ಅದನ್ನೇ ಬೇಕು ಅಂದ. ಭಾನುವಾರ ಹೆಣ್ಣು ನೋಡುವುದಿತ್ತು. ಸರಿ, ಅಂಗಡಿಗೆ ಹೋದೆವು. ಮಾರುವ ಹುಡುಗ ಕಾಗದದ ಪಟ್ಟಿಗೆ ಪುಸ್ ಅನ್ನಿಸಿ ಮೂಗಿನ ಹತ್ತಿರ ಹಿಡಿದ. "ಸರ್, ಇದು ವುಡಿ, ಮರದ ವಾಸನೆ. ಬೇಸ್ ನೋಟಲ್ಲಿ, ಅಂದರೆ ಕೊನೆವರೆಗೆ ಉಳಿಯುವ ವಾಸನೆಯಲ್ಲಿ, ಗಂಧ, ದೇವದಾರು, ಲಾವಂಚ. ಹಾಕಿಕೊಂಡವರು ಗಂಭೀರ, ನಿಗೂಢ, ಕಡಿಮೆ ಮಾತು." ನಮ್ಮೂರಲ್ಲಿ ನಿಗೂಢ ಗಂಡಸು ಅಂದರೆ ಸೊಸೈಟಿ ಸಾಲ ಕಟ್ಟದೆ ತಲೆ ಮರೆಸಿಕೊಂಡವನು. ಕಡಿಮೆ ಮಾತಿನವನು ಅಂದರೆ ಬಾಯಲ್ಲಿ ಎಲೆಯಡಿಕೆ ಕವಳ ಇದೆ ಅಂತ ಅರ್ಥ.

ನಾಲ್ಕು ಬಾಟಲಿ ಮೂಸುವಷ್ಟರಲ್ಲಿ ನನ್ನ ಮೂಗು ಸತ್ತಿತು. ಹುಡುಗ ಒಂದು ಗಾಜಿನ ಬಟ್ಟಲು ಮುಂದಿಟ್ಟು, "ಇದನ್ನು ಮೂಸಿ ಸರ್, ಮೂಗು ರೀಸೆಟ್ ಆಗುತ್ತದೆ" ಅಂದ. ಒಳಗೆ ಕಾಫಿ ಬೀಜ! ಜೊತೆಗಿದ್ದ ನಮ್ಮ ಭಾವನಿಗೆ ನಾಲ್ಕು ಎಕರೆ ಕಾಫಿ ಇದೆ. ಎರಡು ಬೀಜ ಅಂಗೈಗೆ ಹಾಕಿಕೊಂಡು, ಉಜ್ಜಿ, ಕಚ್ಚಿ, "ರೋಬಸ್ಟಾ. ಹುರಿದದ್ದು ಜಾಸ್ತಿ ಆಗಿದೆ. ಯಾರ ಹತ್ರ ತಗೊಂಡ್ಯಾ ಮಾರಾಯ?" ಅಂತ ಶುರುಮಾಡಿದರು. ಆಮೇಲೆ ಹತ್ತು ನಿಮಿಷ ರೇಟಿನ ಮಾತು. ಸೆಂಟು ಎಲ್ಲರಿಗೂ ಮರೆತೇ ಹೋಗಿತ್ತು.

ಗಂಡಸರ ಸೆಂಟಿಗೆ ಕಲೋನ್ ಅಂತಲೂ ಅನ್ನುತ್ತಾರಲ್ಲ, ಅಸಲಿಗೆ ಕಲೋನ್ ಅಂದರೆ ಮರದ ವಾಸನೆಯೇ ಅಲ್ಲ. ಫಾರಿನಾ ಅನ್ನುವ ಇಟಲಿ ಮೂಲದವನು ಜರ್ಮನಿಯ ಕಲೋನ್ ಊರಲ್ಲಿ 1709ರ ಹೊತ್ತಿಗೆ ಮಾಡಿದ ಸುಗಂಧಕ್ಕೆ ಬಂದ ಹೆಸರು ಅದು. ನಿಂಬೆ, ಕಿತ್ತಳೆ ಜಾತಿಯ ವಾಸನೆ. ಹೇರಳೆಕಾಯಿ ಸಿಪ್ಪೆ ಹಿಂಡಿದರೆ ಕಣ್ಣಿಗೆ ಸಿಡಿಯುತ್ತದಲ್ಲ, ಹೆಚ್ಚುಕಡಿಮೆ ಆ ಕುಲದ್ದು. ಅದನ್ನು ಹಾಕಿಕೊಂಡವರು ನಿಗೂಢ ಅಂತ ಯಾರೂ ಹೇಳಿರಲಿಕ್ಕಿಲ್ಲ. ಸ್ನಾನ ಮಾಡಿದ್ದಾರೆ ಅಂದಿರಬಹುದು.

ಇನ್ನು ಗಂಧ. ಈ ವಾಸನೆಯನ್ನು ಶಿವಮೊಗ್ಗದವರಿಗೆ ಪರಿಚಯ ಮಾಡಿಸುತ್ತಾರೆ ನೋಡಿ, ಅದಕ್ಕೆ ಧೈರ್ಯ ಬೇಕು. 1944ರಲ್ಲಿ ಈ ಊರಲ್ಲೇ ಸರ್ಕಾರ ಗಂಧದೆಣ್ಣೆ ಕಾರ್ಖಾನೆ ಹಾಕಿತ್ತು. ಟಿಪ್ಪು ಕಾಲದಿಂದ ಅದು ರಾಜವೃಕ್ಷ. ನಿಮ್ಮ ಹಿತ್ತಲಲ್ಲೇ ಹುಟ್ಟಿದರೂ ಮರ ನಿಮ್ಮದಲ್ಲ. 2001ರಲ್ಲಿ ಕಾನೂನು ಬದಲಾಗಿ ಕೊನೆಗೂ ನಮ್ಮದಾಯಿತು. ಕಾಗದದ ಮೇಲೆ. ನಮ್ಮ ಅಕ್ಕನ ಮನೆ ಕೊಟ್ಟಿಗೆ ಹಿಂದೆ ಒಂದಿತ್ತು. ಒಂದು ರಾತ್ರಿ ನಾಯಿ ಬೊಗಳಿದ್ದು ಕೇಳಿ ಎದ್ದರೂ ಯಾರೂ ಹೊರಗೆ ಹೋಗಲಿಲ್ಲ. ಕಳ್ಳರ ಕೈಯಲ್ಲಿ ಗರಗಸ ಇರುತ್ತದೆ, ನಮ್ಮ ಕೈಯಲ್ಲಿ ಟಾರ್ಚ್. ಬೆಳಿಗ್ಗೆ ನೋಡಿದರೆ ಘಮ ಇರುವ ಒಳಮರ, ಚೇಗು, ಹೋಗಿತ್ತು, ವಾಸನೆ ಇಲ್ಲದ ಬಿಳಿ ಮರ, ಸೊಪ್ಪು ನಮಗೆ ಬಿಟ್ಟಿದ್ದರು. ವಿಚಾರಣೆಗೆ ಬಂದವರು ಕೇಳಿದ್ದೆಲ್ಲ ನಮ್ಮನ್ನೇ. ಎರಡು ತಿಂಗಳು ಬಿಟ್ಟು ಅದೇ ಕಳ್ಳರು ಬಂದು ಬೇರನ್ನೂ ಅಗೆದುಕೊಂಡು ಹೋದರು.

ಮಣಿಕಟ್ಟಿಗೆ ಸೆಂಟು ಹಾಕಿಕೊಂಡು ಬಂದ ಮೊಮ್ಮಗನ ಕೈ ಮೂಸಿ ಅಜ್ಜ ಹೇಳಿದ್ದು: "ನಮ್ಮ ಮರ ಎಲ್ಲಿ ಹೋಯ್ತು ಅಂತ ಈಗ ಗೊತ್ತಾಯ್ತು."

ಪಾಪ, ಅಷ್ಟು ಪುಣ್ಯವೂ ಇಲ್ಲ ಆ ಮರಕ್ಕೆ. ಈಗಿನ ‘ಮರದ ವಾಸನೆ’ ಬಹುಪಾಲು ಪ್ರಯೋಗಾಲಯದ್ದು. ಐಸೋ ಇ ಸೂಪರ್ ಅಂತ ಒಂದು ರಾಸಾಯನಿಕ ಇದೆ, 1970ರ ದಶಕದ ಅಮೆರಿಕದ ಕೂಸು. ಹೆಸರು ಕೇಳಿದರೆ ಪಂಪ್‌ಸೆಟ್ ಇದ್ದ ಹಾಗಿದೆ. ಎಷ್ಟೋ ಗಂಡಸರ ಗಾಂಭೀರ್ಯ ನಿಂತಿರುವುದು ಅದರ ಮೇಲೆ.

ಭಾನುವಾರ ಹೋದೆವು. ಹುಡುಗ ಎರಡು ದಿನದಿಂದ ಕೈ ತಿಕ್ಕಿದ್ದೇ ತಿಕ್ಕಿದ್ದು. ತೋಟದ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಹೊಡೆದ ನೀಲಿ ಉಗುರು ಸಂದಿಯಿಂದ ಹೋಗಬೇಕಲ್ಲ. ತಲೆಗೆ ಮೂರು ಸಲ ಶಾಂಪೂ, ಬಚ್ಚಲ ಒಲೆ ಹೊಗೆ ಹೋಗಲಿ ಅಂತ. ಅದರ ಮೇಲೆ ಕಾಡಿನ ಸೆಂಟು. ಹುಡುಗಿಯ ಅಣ್ಣ ಬೆಂಗಳೂರಿನಿಂದ ಬಂದಿದ್ದ. ಅದೇ ಗಡ್ಡ, ಅದೇ ವಾಸನೆ! ಇಬ್ಬರೂ ಸೋಫಾದ ಎರಡು ತುದಿಯಲ್ಲಿ ಕೂತು ಒಂದೇ ಮರದ ಎರಡು ಕೊಂಬೆ ಹಾಗೆ ಘಮಘಮಿಸಿದರು. ಅಣ್ಣ ವೀಕೆಂಡಿಗೆ ಹೋಮ್‌ಸ್ಟೇಗೆ ಬರುತ್ತಾನಂತೆ. ಮಳೆ ಇಷ್ಟವಂತೆ. ಎಲ್ಲ ಕೇಳಿದ ಮೇಲೆ ಅವನೇ ಹೇಳಿದ್ದು: "ಹುಡುಗ ಒಳ್ಳೆಯವನು. ಊರು ತುಂಬಾ ಒಳಗಾಯ್ತು."

ನನಗೆ ನಗು ಬರಲಿಲ್ಲ. ಇದು ನಾಲ್ಕನೇ ಮನೆ. ಕಾಡಿನ ವಾಸನೆಗೆ ದುಡ್ಡು ಕೊಡುತ್ತಾರೆ, ಅಲ್ಲಿರುವವನಿಗೆ ಹೆಣ್ಣು ಕೊಡಲ್ಲ. ಕಾರಣ ಕೇಳಿದರೆ ಬಸ್ಸಿಲ್ಲ, ನೆಟ್‌ವರ್ಕ್ ಇಲ್ಲ ಅನ್ನುತ್ತಾರೆ. ಸುಳ್ಳೂ ಅಲ್ಲ. ಹುಡುಗಿಯ ತಪ್ಪು ಅಂತಲೂ ನಾನು ಹೇಳಲಾರೆ. ಮಳೆಗಾಲದಲ್ಲಿ ಎರಡು ವಾರ ಕರೆಂಟಿಲ್ಲದ ಮನೆಗೆ ನನ್ನ ಮಗಳನ್ನು ಕೊಡುತ್ತಿದ್ದೆನಾ?

ಬಾಟಲಿ ಈಗ ಬಚ್ಚಲ ಕಿಟಕಿಯಲ್ಲಿದೆ, ಮುಕ್ಕಾಲು ಹಾಗೇ ಉಳಿದಿದೆ. ಮೊನ್ನೆ ತೋಟದಿಂದ ಬಂದ ಭಾವ, ಸ್ಪಿರಿಟ್ ಅಲ್ವಾ ಅಂತ ಉಂಬಳ ಕಚ್ಚಿದ ಕಾಲಿಗೆ ನಾಲ್ಕು ಸಲ ಪುಸ್ ಅನ್ನಿಸಿದರು. ರಕ್ತ ನಿಲ್ಲಲಿಲ್ಲ. ರಾತ್ರಿಯೆಲ್ಲ ಕಾಲು ಮಾತ್ರ ನಿಗೂಢವಾಗಿತ್ತು.