ಹಂಪಿಯಾಗ ಕಲ್ಲಿನ ರಥ ಐತಿ, ಕವಿ ಎಲ್ಲಿ?

ಹೋದ ಸಲ ಊರಿಗೆ ಬಂದಾಗ ಹಂಪಿಗೆ ಹೋಗಿದ್ದೆ, ನಮ್ಮ ಗಂಗಾವತಿ ಕಡಿಯವ್ರಿಗೆ ಹಂಪಿ ಅಂದ್ರ ಹೊಳಿ ದಾಟಿದ್ರ ಬಂತು. ಅಲ್ಲಿ ಒಬ್ಬ ಗೈಡ್‌ಗೆ ಕೇಳ್ದೆ, ಹರಿಹರ ಇಲ್ಲೇ ಇದ್ದ ಅಂತಾರಲ್ಲ, ಅವನ ಗುರ್ತು ಏನಾರ ಐತೇನ್ರಿ ಅಂತ. "ಹರಿಹರ ದಾವಣಗೇರಿ ಹತ್ರ ಬರ್ತೈತ್ರಿ ಸರ್, ಹೊಸಪೇಟಿಗೆ ಹೋದ್ರ ಬಸ್ ಸಿಗ್ತಾವ" ಅಂದ. ಆ ಹುಡುಗನ ಮ್ಯಾಲ ಸಿಟ್ಟಿಲ್ಲ, ರಾಜರ ಹೆಸ್ರು ಇಸವಿ ಎಲ್ಲಾ ಪಟಪಟ ಹೇಳಿದ, ಆದ್ರ ನಾ ಕವಿ ಹರಿಹರನ್ನ ಕೇಳಿದ್ರ ಅವ ಊರು ಹೇಳಿದ ಆ ಮಾತು ಮಾತ್ರ ಚುಚ್ಚಿಬಿಡ್ತು ನೋಡ್ರಿ.

ಯಾಕಂದ್ರ ನಾನಿರೋದು ಇಂಗ್ಲೆಂಡಿನ ಪ್ರೆಸ್ಟನ್‌ನ್ಯಾಗ, ಅಲ್ಲಿಂದ ಕಾರ್‌ನ್ಯಾಗ ಹೊಂಟ್ರ ಸ್ವಲ್ಪ ಹೊತ್ತಿಗೆ ಗ್ರಾಸ್‌ಮಿಯರ್ ಬರ್ತೈತಿ, ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ 1799ರಿಂದ 1808ರ ತನಕ ಇದ್ದ ಡವ್ ಕಾಟೇಜ್ ಇರೋ ಊರು. ದೊಡ್ಡ ಬಂಗ್ಲೆ ಅಲ್ಲ ಮತ್ತ. ಕೆಳಗ ಕತ್ತಲ ಕತ್ತಲ ಕೋಣಿ, ಕಲ್ಲಿನ ನೆಲ, ಮ್ಯಾಲ ಒಂದು ಸಣ್ಣ ಕೋಣ್ಯಾಗ ಚಳಿ ತಡಿಲಿ ಅಂತ ಅವನ ತಂಗಿ ಡೊರೊತಿ ಗ್ವಾಡಿಗೆಲ್ಲಾ ನ್ಯೂಸ್‌ಪೇಪರ್ ಅಂಟಿಸಿದ್ಲಂತ, ಈಗೂ ಆ ಕೋಣಿಗೆ ಹಂಗ ಪೇಪರ್ ಅಂಟಿಸಿ ಇಟ್ಟಾರ. 1802ರ ಏಪ್ರಿಲ್ 15ಕ್ಕ ಅಣ್ಣ ತಂಗಿ ಅಲ್ಸ್‌ವಾಟರ್ ಸರೋವರದ ದಂಡಿಗುಂಟ ನಡ್ಕೊಂಡು ಬರಾಕತ್ತಿದ್ರು, ಜೋರು ಗಾಳಿ, ಡ್ಯಾಫೋಡಿಲ್ ಹೂವು ಉದ್ದಕ್ಕೂ ಅರಳ್ಯಾವ. ಕೆಲವು ಹೂವು ದಣಿದು ದಿಂಬಿನ ಮ್ಯಾಲ ತಲಿ ಇಟ್ಟಂಗ ಕಲ್ಲಿನ ಮ್ಯಾಲ ತಲಿ ಇಟ್ಟಾವ ಅಂತ ತಂಗಿ ಡೈರ್ಯಾಗ ಬರ್ದಾಳ. ಆ ಹೂವಿನ ಮ್ಯಾಲ ಅಣ್ಣ ಬರ್ದ ಪದ್ಯ ಅಚ್ಚಾಗಿದ್ದು 1807ರಾಗ. ಇವತ್ತಿಗೂ ಜನ ಆ ದಂಡಿ ಹುಡುಕ್ಕೊಂಡು ಹೋಗ್ತಾರ, ಗ್ರಾಸ್‌ಮಿಯರ್ ಚರ್ಚ್ ಬಾಜೂಕ ಅವನ ಹೆಸ್ರಿಲೆ ಒಂದು ಡ್ಯಾಫೋಡಿಲ್ ತ್ವಾಟಾನೂ ಮಾಡ್ಯಾರ.

ಈಗ ನಮ್ಮ ಹರಿಹರನ್ನ ನೋಡ್ರಿ. ವರ್ಡ್ಸ್‌ವರ್ತ್‌ಗಿಂತ ಸುಮಾರು ಆರ್ನೂರು ವರ್ಷ ಹಿಂದಿನವ, 1336ರಾಗ ವಿಜಯನಗರ ಹುಟ್ಟೋಕಿಂತಾನೂ ಮೊದ್ಲು. ಹೊಯ್ಸಳರ ನೌಕರಿ ಬಿಟ್ಟು ಹಂಪಿಗೆ ಬಂದ ಅಂತ ಕಥಿ ಐತಿ. ಮುಂಜಾನಿ ಎದ್ದು ತ್ವಾಟಕ್ಕ ಹೋಗಿ, ಒಂದೊಂದು ಹೂವಿನ ಹತ್ರ ನಿಂತು, ವಿರೂಪಾಕ್ಷಗ ಹೂ ಎತ್ತೋದನ್ನ ಪುಷ್ಪರಗಳೆ ಅನ್ನೋ ಕಾವ್ಯದಾಗ ಬರ್ದಾನ. ಹಂಪಿಯ ಮುಂಜಾನಿ, ಹಂಪಿಯ ಹೂವು, ಕನ್ನಡದಾಗ! ಅದನ್ನ ಅಲ್ಲೇ ನಿಂತು ಓದಿದವ್ರು ಎಷ್ಟು ಮಂದಿ ಇದ್ದಾರು? ನಾವು ಹೋಗ್ತೀವಿ, ರಥದ ಮುಂದ ಫೋಟೋ ಹೊಡ್ಕೊಂತೀವಿ, ಮಿರ್ಚಿ ತಿಂದು ವಾಪಸ್ ಬರ್ತೀವಿ. ಪುರಂದರದಾಸರ ಮಂಟಪ ಟಿವ್ಯಾಗ ಬರೋದು ಡ್ಯಾಮಿನಿಂದ ನೀರು ಬಿಟ್ಟು ಅದು ಮುಳುಗಿದಾಗ.

ಅದೂ ಅಲ್ದ ಕವಿತಿ ಅಂದ್ರ ಮಲೆನಾಡು, ಮಳಿ, ಇಲ್ಲಾಂದ್ರ ಧಾರವಾಡ, ನಮ್ಮ ಬಿಸಿಲಿನ್ಯಾಗ ಏನ್ ಹುಟ್ತೈತಿ ಅಂತ ನಮ್ಮವ್ರ ಅಂತಾರ. ಕವಿರಾಜಮಾರ್ಗದಾಗ ತಿರುಳುಗನ್ನಡದ, ಅಂದ್ರ ಅಪ್ಪಟ ಕನ್ನಡದ, ಊರುಗಳ್ನ ಹೇಳುವಾಗ ನಮ್ಮ ಕೊಪ್ಪಳದ ಹೆಸ್ರೂ ಬರ್ತೈತಿ, ಕೊಪಣನಗರ ಅಂತ. ರಾಯಚೂರಿನ ಶಾಂತರಸರು ಅದ ಬಿಸಿಲಿನ್ಯಾಗ ಕುಂತು ಕನ್ನಡದಾಗ ಗಜಲ್ ಬರ್ದ್ರು. ಹಸಿರು ಇದ್ದಲ್ಲೇ ಕವಿತಿ ಹುಟ್ಟಬೇಕು ಅಂತ ಯಾರು ಹೇಳ್ಯಾರ?

ಫೋನ್‌ನ್ಯಾಗ ಇದನ್ನೆಲ್ಲಾ ಹೇಳಿದ್ರ ಅವ್ವ ಕೇಳಿದ್ಲು, "ಅಲ್ಲೋ ತಮ್ಮಾ, ವಿರೂಪಾಕ್ಷಗ ಇವತ್ತಿಗೂ ದಿನಾ ಹೂ ಏರ್ತಾವು, ನಿಮ್ಮ ಸಾಹೇಬನ ಹೂವು ಯಾವ ದೇವ್ರಿಗೆ ಏರ್ತಾವು?" ಉತ್ತರ ಹೊಳಿಲಿಲ್ಲ. ಖರೆ ಹೇಳ್ಬೇಕಂದ್ರ ಗ್ರಾಸ್‌ಮಿಯರ್‌ನ್ಯಾಗೂ ಬಂದವ್ರು ಬಾಳ ಮಂದಿ ಚರ್ಚ್ ಬಾಜೂಕಿನ ಜಿಂಜರ್‌ಬ್ರೆಡ್ ಅಂಗಡಿ ಮುಂದ ಪಾಳಿ ಹಚ್ಚಿರ್ತಾರ, ಪದ್ಯ ಗುಣುಗೋರು ನನಗಂತೂ ಕಂಡಿಲ್ಲ. ನಮ್ಮಲ್ಲಿ ಪುಷ್ಯ ಅಮಾವಾಸ್ಯೆಗೆ ಪುರಂದರದಾಸರ ಆರಾಧನಿ ಆಗ್ತೈತಿ, ಪದ ಹಾಡ್ತಾರ. ಅವ್ವಗ ದಾಸರ ಪದ ರಾಶಿ ಬರ್ತಾವು, ಒಂದೂ ಪುಸ್ತಕ ನೋಡಿ ಕಲ್ತಿದ್ದಲ್ಲ. ಆ ವಿಷ್ಯದಾಗ ಇಲ್ಲಿಯವ್ರು ನಮ್ಮ ಸಮ ಬರಂಗಿಲ್ಲ, ಒಪ್ಪಿದೆ.

ಆದ್ರೂ ಒಂದು ತ್ವಾಟ ಕೇಳಿದ್ರ ಜಾಸ್ತಿ ಆಗ್ತೈತೇನು? ದೊಡ್ಡದು ಬ್ಯಾಡ. ಹರಿಹರ ಹೆಸ್ರು ಹಿಡಿದು ಕರೆದ ಹೂವಿನ ಗಿಡ ಹಚ್ಚಿ, ಪುಷ್ಪರಗಳೆಯ ಹತ್ತು ಸಾಲು ಕಲ್ಲಿನ ಮ್ಯಾಲ ಕೆತ್ತಿಸಿ, ಹೊಸಗನ್ನಡದ ಅರ್ಥಾನೂ ಕೆಳಗ ಹಾಕಿಸ್ರಿ, ಟ್ರಿಪ್‌ಗೆ ಬರೋ ಸಾಲಿ ಹುಡುಗ್ರು ಒಮ್ಮೆ ಜೋರಾಗಿ ಓದ್ಲಿ. ಕಲ್ಲಿಗೆ, ಕೆತ್ತೋರಿಗೆ ಆ ಕಡಿ ಬರ ಇಲ್ಲ, ತುಂಗಭದ್ರಾ ಬಾಜೂಕ ಐತಿ. ಯಾರಾರ ಶುರು ಮಾಡಿದ್ರ ಗಿಡದ ರೊಕ್ಕ ನಾನು ಕಳಸ್ತೀನಿ.