ಕಡಸಿಗೂ ಒಂದು ಚೀಟಿ ಬೇಡ್ವಾ?

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಊರಿಂದ ಅಣ್ಣನ ಫೋನು ಬಂತು. ಶಿರಸಿ ಹತ್ತಿರದ ನಮ್ಮ ಮನೆಗೆ ಬಯಲುಸೀಮೆಯ ಒಂದು ಸಂತೆಯಿಂದ ಜರ್ಸಿ ಕ್ರಾಸ್ ಕಡಸು ತಂದಿದ್ದ. ಮೊದಲ ಸಲದ ಗಬ್ಬ, 5 ತಿಂಗಳು ತುಂಬಿದೆ ಅಂತ ದಲ್ಲಾಳಿ ಹೇಳಿದ್ದ. ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಮುಗಿದಿತ್ತು. ಮನೆಗೆ ತಂದು ಎರಡು ತಿಂಗಳು ಸಾಕಿದರೂ ಹೊಟ್ಟೆ ಬೆಳೆಯಲಿಲ್ಲ, ಕೆಚ್ಚಲು ಇಳಿಯಲಿಲ್ಲ. ಪಶುವೈದ್ಯರು ಬಂದು ಕೈ ಹಾಕಿ ನೋಡಿದರು. ಗಬ್ಬವೇ ಇಲ್ಲ.

"ಎಂತ ಮಾಡದು ತಮಾ, ಮಾತು ನಂಬಿದ್ದೇ ತಪ್ಪಾತು" ಅಂದ ಅಣ್ಣ. ದಲ್ಲಾಳಿಯ ಫೋನು ಸ್ವಿಚ್ ಆಫ್.

ನಾನು ಅಮೆರಿಕದ ಮಿಸೌರಿ ರಾಜ್ಯದಲ್ಲಿದ್ದೇನೆ. ಬಂದು 12 ವರ್ಷವಾಯಿತು. ನನ್ನ ಕೆಲಸಕ್ಕೂ ದನಕ್ಕೂ ಸಂಬಂಧವಿಲ್ಲ. ಆದರೆ ಮನೆ ಇರುವುದು ಕೊಲಂಬಿಯಾ ಊರಿನ ಅಂಚಿನಲ್ಲಿ. ಬೇಲಿಯಾಚೆ ನೆರೆಯವರ ಹುಲ್ಲುಗಾವಲು. ಅವರ ಹತ್ತಿರ 40ರಷ್ಟು ಕಪ್ಪು ಆಂಗಸ್ ಆಕಳುಗಳಿವೆ. ಕೊಟ್ಟಿಗೆಯಲ್ಲಿ ಬೆಳೆದವನಿಗೆ ಬೇಲಿಯಾಚೆ ದನ ಮೇಯುತ್ತಿದ್ದರೆ ಸುಮ್ನೆ ಕೂರಲಿಕ್ಕೆ ಆಗುವುದಿಲ್ಲ. ಹಾಗೆ ಅವರ ಪರಿಚಯವಾಯಿತು. ಅಣ್ಣನ ಫೋನು ಬಂದ ವರ್ಷದ ಡಿಸೆಂಬರಿನಲ್ಲೇ ಅವರ ಜೊತೆ ಪಾಲ್ಮೈರಾ ಎಂಬ ಊರಿಗೆ ಕಡಸುಗಳ ಹರಾಜು ನೋಡಲು ಹೋಗಿದ್ದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಆಂಗಸ್ ಸಾಕುವುದು ಮಾಂಸಕ್ಕೆ. ಗಂಡುಕರುಗಳ ದಾರಿ ಮುಗಿಯುವುದು ಕಸಾಯಿಖಾನೆಯಲ್ಲಿ. ಅದನ್ನು ಮುಚ್ಚಿಟ್ಟು ಬರೆದರೆ ಓದುವವರಿಗೆ ಮೋಸ. ದೀಪಾವಳಿಯ ದೊಡ್ಡಹಬ್ಬದ ದಿನ ಆಕಳ ಕೊರಳಿಗೆ ಅಡಿಕೆ ಸರ ಕಟ್ಟಿ ಪೂಜೆ ಮಾಡುವ ಮನೆಯವನು ನಾನು. ಆ ಭಾಗ ನನ್ನದಲ್ಲ, ನಮ್ಮ ಊರಿಗೆ ಬೇಕಾದದ್ದೂ ಅಲ್ಲ. ಆದರೆ ಅವತ್ತು ಹರಾಜಿಗೆ ಬಂದದ್ದು ತಾಯಿಯಾಗಲಿಕ್ಕೆ ಸಾಕಿದ ಕಡಸುಗಳು. ಅವನ್ನು ಬೆಳೆಸುವ, ಮಾರುವ ಕ್ರಮ ನಾವು ಕಲಿಯಬೇಕಾದದ್ದು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಆ ಕಾರ್ಯಕ್ರಮದ ಹೆಸರು ಶೋ-ಮಿ-ಸೆಲೆಕ್ಟ್. 1997ರಲ್ಲಿ ಶುರುವಾದದ್ದು. ಮಿಸೌರಿ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ, ಊರೂರಿನ ಪಶುವೈದ್ಯರು, ದನ ಸಾಕುವವರು ಸೇರಿ ಕಟ್ಟಿದ್ದು. ಲಾಭಕ್ಕಲ್ಲದ ಒಂದು ಸಂಘ ಅದನ್ನು ನಡೆಸುತ್ತದೆ, ಸಾಕುವವರೇ ಅದರ ಸದಸ್ಯರು. 'ಶೋ ಮಿ' ಅನ್ನುವುದು ಈ ರಾಜ್ಯದ ಅಡ್ಡಹೆಸರು. ಅಂದರೆ 'ತೋರಿಸು'. ಬಾಯಿಮಾತು ಬೇಡ, ತೋರಿಸು. ಅಣ್ಣನ ಮಾತು ಕಿವಿಯಲ್ಲಿ ಇನ್ನೂ ಇತ್ತು, ಹಾಗಾಗಿ ಆ ಹೆಸರಿನ ಅರ್ಥ ನನಗೆ ಅವತ್ತು ಬೇರೆಯೇ ಆಗಿ ಕೇಳಿಸಿತು.

ಏನು ತೋರಿಸಬೇಕು? ಕಡಸನ್ನು ಹೋರಿಗೆ ಬಿಡುವ ಅಥವಾ ಗಬ್ಬಕ್ಕೆ ವೀರ್ಯದ ಇಂಜೆಕ್ಷನ್ ಕೊಡಿಸುವ ಮುಂಚೆಯೇ ಪಶುವೈದ್ಯರ ತಪಾಸಣೆ ಆಗಬೇಕು. ಗರ್ಭಕೋಶ ಬೆಳೆದಿದೆಯೋ ಇಲ್ಲವೋ ಅಂತ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಸೊಂಟದ ಒಳಗಿನ ಅಗಲ, ಎತ್ತರ ಎರಡನ್ನೂ ಅಳೆಯುತ್ತಾರೆ. ಕರು ಹೊರಗೆ ಬರುವ ದಾರಿ ಸಾಕಷ್ಟು ದೊಡ್ಡದಿದೆಯಾ ಅಂತ ನೋಡಲಿಕ್ಕೆ. ಅದು 150 ಚದರ ಸೆಂಟಿಮೀಟರ್ ಆದರೂ ಇರಬೇಕು. ನೆರೆಯವರ ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಕಡಸನ್ನು ಕಬ್ಬಿಣದ ಚೌಕಟ್ಟಿನೊಳಗೆ ನಿಲ್ಲಿಸುತ್ತಾರೆ. ವೈದ್ಯರು ಭುಜದವರೆಗೆ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು ಇಕ್ಕಳದಂಥ ಒಂದು ಅಳತೆಗೋಲನ್ನು ಹಿಂದಿನಿಂದ ಒಳಗೆ ತೆಗೆದುಕೊಂಡು ಹೋಗುತ್ತಾರೆ. ಅಲ್ಲೇ ಅಗಲಿಸಿ, ಹೊರಗಿರುವ ಗುರುತು ನೋಡಿ ಅಂಕೆ ಕೂಗುತ್ತಾರೆ. ನೆರೆಯವರ ಹೆಂಡತಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಒಂದು ಕಡಸಿಗೆ ಎರಡು ಮೂರು ನಿಮಿಷ. ಅವತ್ತು ಎರಡು ಕಡಸುಗಳು ನಪಾಸಾದವು. ಅವನ್ನು ಆ ಕ್ಷಣವೇ ಬೇರೆ ಬೇಲಿಗೆ ಹಾಕಿದರು. ನೋಡಲಿಕ್ಕೆ ಎರಡೂ ಬಹಳ ಚಂದ ಇದ್ದವು.

ಆಮೇಲೆ ಲಸಿಕೆಗಳು. ಗಬ್ಬ ಆಯಿತೋ ಅಂತ ಒಮ್ಮೆ ತಪಾಸಣೆ, ಮಾರಾಟಕ್ಕೆ 30 ದಿನದೊಳಗೆ ಮತ್ತೊಮ್ಮೆ. ಕೊಡಿಸಿದ ಹೋರಿಯೂ ಸುಮ್ನೆ ಯಾವುದೋ ಆಗಬಾರದು, ಮೊದಲ ಕರು ಸಲೀಸಾಗಿ ಹುಟ್ಟುವಂಥ ವಂಶದ್ದು ಅಂತ ದಾಖಲೆ ಬೇಕು. ಮಾರಾಟದ ಹೊತ್ತಿಗೆ ತೂಕ 800 ಪೌಂಡ್, ಅಂದರೆ ಸುಮಾರು 363 ಕಿಲೋ ದಾಟಿರಬೇಕು. ಹರಾಜಿನ ದಿನ ತಪಾಸಿಗರು ಒಂದೊಂದನ್ನೇ ಮತ್ತೆ ನೋಡುತ್ತಾರೆ. ಕುಂಟು, ಕಣ್ಣಿನ ದೋಷ, ಬಡಕಲು ಕಂಡರೆ ಲಾರಿ ಹತ್ತಿಸಿ ವಾಪಸ್. ಯಾರ ಮನೆಯದ್ದೇ ಆಗಲಿ.

ಹರಾಜಿನಲ್ಲಿ ಎಲ್ಲರ ಕೈಯಲ್ಲೂ ಒಂದು ಪಟ್ಟಿ ಇತ್ತು. ಯಾವ ಕಡಸು, ಅದರ ಹೊಟ್ಟೆಯಲ್ಲಿರುವ ಕರುವಿಗೆ ಅಪ್ಪ ಯಾವ ಹೋರಿ, ಯಾವ ವಾರ ಕರು ಹಾಕಬಹುದು, ಎಲ್ಲ ಅದರಲ್ಲಿ. ಒಂದೇ ವಾರದಲ್ಲಿ ಕರು ಹಾಕುವ ನಾಲ್ಕೈದು ಕಡಸುಗಳನ್ನು ಜೊತೆ ಮಾಡಿ ಒಂದೇ ಅಂಗಳಕ್ಕೆ ಬಿಡುತ್ತಿದ್ದರು. ಕೊಳ್ಳುವವರು ಹಲ್ಲು ಹಿಡಿದು ನೋಡಲಿಲ್ಲ, ಬಾಲ ಎತ್ತಿ ನೋಡಲಿಲ್ಲ. ಪಟ್ಟಿ ನೋಡಿದರು, ಕಡಸಿನ ನಡಿಗೆ ನೋಡಿದರು, ಕೈ ಎತ್ತಿದರು. ಬೆಲೆ ಎಲ್ಲರಿಗೂ ಕೇಳುವ ಹಾಗೆ ಕೂಗಿಯೇ ನಿಂತಿತು. ಟವೆಲ್ ಇಲ್ಲ.

ರಾತ್ರಿ ಆಯಿಗೆ ಫೋನಿನಲ್ಲಿ ಹೇಳಿದೆ. "ಆಕಳ ಜಾತಕನೂ ಬರಸ್ತ್ವನಾ ಅಲ್ಲಿ?" ಅಂತ ಕೇಳಿದಳು. ಹೌದು ಆಯಿ, ಬರೆಸುತ್ತಾರೆ. ಈಗ ಶುರು ಮಾಡಿದ್ದೂ ಅಲ್ಲ. ಸ್ಕಾಟ್ಲೆಂಡಿನಿಂದ ನಾಲ್ಕು ಆಂಗಸ್ ಹೋರಿಗಳು ಇಲ್ಲಿಯ ಕ್ಯಾನ್ಸಸ್‌ಗೆ ಬಂದದ್ದು 1873ರಲ್ಲಿ. ಹತ್ತೇ ವರ್ಷಕ್ಕೆ, 1883ರಲ್ಲಿ, ಶಿಕಾಗೋದಲ್ಲಿ ಸಾಕುವವರು ಸೇರಿ ತಳಿ ಸಂಘ ಕಟ್ಟಿದರು. ಯಾವ ಕರುವಿಗೆ ಅಪ್ಪ ಯಾರು, ಅವ್ವ ಯಾರು ಅಂತ ಪುಸ್ತಕ ಇಡಲಿಕ್ಕೆ. ಅಮೆರಿಕನ್ ಆಂಗಸ್ ಅಸೋಸಿಯೇಷನ್ ಈಗ ನಮ್ಮ ಮಿಸೌರಿಯ ಸೇಂಟ್ ಜೋಸೆಫ್ ಊರಿನಲ್ಲೇ ಇದೆ. 1958ರಿಂದ ತೂಕದ ಲೆಕ್ಕವನ್ನೂ ಇಡುತ್ತಿದ್ದಾರೆ. ಹುಟ್ಟಿದಾಗ ಎಷ್ಟು, ಹಾಲು ಬಿಡಿಸುವಾಗ ಎಷ್ಟು, ವರ್ಷ ತುಂಬಿದಾಗ ಎಷ್ಟು. ಒಂದು ಕರುವನ್ನು 6 ತಿಂಗಳಿಗೆ ತೂಗಿದ್ದಾರೆ, ಇನ್ನೊಂದನ್ನು 7ಕ್ಕೆ ಅಂದರೆ ಹೋಲಿಸುವುದು ಹೇಗೆ? ಅದಕ್ಕೇ ಎಲ್ಲವನ್ನೂ 205 ದಿನದ ತೂಕಕ್ಕೆ ಹೊಂದಿಸಿ ಬರೆಯುತ್ತಾರೆ. ಇಷ್ಟೆಲ್ಲ ಲೆಕ್ಕದಿಂದ ಪ್ರತಿ ಹೋರಿಗೂ, ಅದರ ಕರುಗಳು ಹೇಗಿರಬಹುದು ಅಂತ ಹೇಳುವ ಅಂಕೆ ಬರುತ್ತದೆ, ಇಪಿಡಿ ಅನ್ನುತ್ತಾರೆ. ಹುಟ್ಟುವ ತೂಕದಲ್ಲಿ ಒಂದು ಹೋರಿಗೆ 1, ಇನ್ನೊಂದಕ್ಕೆ 4 ಅಂತ ಇದ್ದರೆ, ಎರಡನೆಯದರ ಕರುಗಳು ಸರಾಸರಿ 3 ಪೌಂಡ್ ಜಾಸ್ತಿ ತೂಗುತ್ತವೆ. ಮೊದಲ ಸಲದ ಕಡಸಿಗೆ ಯಾವುದು ಕೊಡಿಸಬೇಕು ಅಂತ ರೈತನಿಗೆ ಆಗಲೇ ಗೊತ್ತಾಯಿತು.

ಗಂಡುಕರುಗಳ ಮಾರಾಟದಲ್ಲೂ ಕ್ರಮ ಇದೆ. ತಾಯಿಯಿಂದ ಬಿಡಿಸಿ, ಲಸಿಕೆ ಹಾಕಿ, ತೊಟ್ಟಿಯಲ್ಲಿ ತಿನ್ನಲು ಕಲಿಸಿ, 45 ದಿನ ಮನೆಯಲ್ಲಿಟ್ಟುಕೊಂಡೇ ಮಾರಿದರೆ ಬೆಲೆ ಜಾಸ್ತಿ. ತಾಯಿ ಬಿಟ್ಟ ದಿನವೇ ಲಾರಿ ಹತ್ತಿಸಿದ ಕರುಗಳಿಗೆ ಶ್ವಾಸಕೋಶದ ಜ್ವರ ಹಿಡಿಯುವುದು ಜಾಸ್ತಿ, ಅದಕ್ಕೆ.

ಈಗ ಊರಿಗೆ ಬರುತ್ತೇನೆ.

ನನ್ನ ಹೊಟ್ಟೆ ಉರಿಯುವುದು ಯಾಕೆ ಅಂದರೆ, ಇದು ಶಿರಸಿಯವರಿಗೆ ಗೊತ್ತಿಲ್ಲದ ವಿದ್ಯೆ ಅಲ್ಲವೇ ಅಲ್ಲ. ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ಮನೆಮನೆಗೆ ಬಂದು ಬಾಯಿಗೆ ಬಂದ ಬೆಲೆ ಹೇಳುವವರ ಕೈಯಿಂದ ಅಡಿಕೆ ಪಾರಾಗಿದ್ದು ಇಂಥ ಸಂಘಗಳಿಂದಲೇ. ನಮ್ಮ ಅಂಗಳದ ಮಕ್ಕಳಿಗೂ ಗೊತ್ತು, ರಾಶಿ ಯಾವುದು, ಬೆಟ್ಟೆ ಯಾವುದು, ಚಾಲಿ ಯಾವುದು, ಬಿಳೆಗೋಟು, ಕೆಂಪುಗೋಟು ಯಾವುದು ಅಂತ. ಅಪ್ಪಯ್ಯ ಆರಿಸಿ ಚೀಲ ತುಂಬಿಸುತ್ತಿದ್ದರು. ಒಂದು ಗೋಟು, ಅಂದರೆ ಕಡಿಮೆ ದರ್ಜೆಯ ಅಡಿಕೆ, ಚಾಲಿಯಲ್ಲಿ ಸೇರಿದರೆ ಬೈಗುಳ. ಟೆಂಡರಿನಲ್ಲಿ ವರ್ತಕರು ಮಾದರಿ ನೋಡಿ ಬೆಲೆ ಬರೆಯುತ್ತಾರೆ. ಎರಡು ಚೀಲ ತಂದವನ ಅಡಿಕೆಗೂ ಟೆಂಡರ್ ಆಗುತ್ತದೆ. 2019ರಲ್ಲಿ 'ಶಿರಸಿ ಸುಪಾರಿ'ಗೆ ಭೌಗೋಳಿಕ ಗುರುತೂ ಸಿಕ್ಕಿತು. ಅಡಿಕೆಗೆ ಇಷ್ಟು ಮಾಡಿದ ಜನ, ಆ ತೋಟಕ್ಕೆ ಗೊಬ್ಬರ ಕೊಡುವ ಆಕಳನ್ನು ಕೊಳ್ಳುವಾಗ ಮಾರುವಾಗ ಸಂತೆಯ ದಲ್ಲಾಳಿಯ ಬೆರಳು ಹಿಡಿಯುತ್ತೇವೆ.

ಬೆಳೆಸುವುದರಲ್ಲೂ ಹಾಗೇ. ನಮ್ಮ ಕೊಟ್ಟಿಗೆಗಳಲ್ಲಿ ಹಾಲು ಕೊಡುವ ಆಕಳಿಗೆ ಹಿಂಡಿ, ಕಡಸಿಗೆ ಕರಡ, ಅಂದರೆ ಒಣಹುಲ್ಲು. ಅದು ಇನ್ನೂ ಏನೂ ಕೊಡುತ್ತಿಲ್ಲವಲ್ಲ ಅಂತ. ನೆರೆಯವರು ಇದಕ್ಕೆ ಪೂರ್ತಿ ಉಲ್ಟಾ. ಕಡಸುಗಳಿಗೆ ಬೇರೆ ಬೇಲಿ, ಬೇರೆ ತೊಟ್ಟಿ. ದೊಡ್ಡ ಆಕಳುಗಳ ಜೊತೆ ಬಿಟ್ಟರೆ ತಳ್ಳಿಸಿಕೊಂಡು ಹಸಿದಿರುತ್ತವೆ ಅಂತಾರೆ. ಬೆಳೆದ ಮೇಲೆ ಎಷ್ಟು ತೂಗುತ್ತದೋ ಅದರ ನೂರಕ್ಕೆ 60ರಿಂದ 65 ಪಾಲು ತೂಕ 14–15 ತಿಂಗಳಿಗೆ ಬರಬೇಕು, ಆಗ ಕೊಡಿಸಬೇಕು, 2 ವರ್ಷಕ್ಕೆ ಕರು ಹಾಕಬೇಕು. ಇದು ಅವರ ಲೆಕ್ಕ. ನಮ್ಮೂರಲ್ಲಿ ನಾನು ಕಂಡ ಹೆಚ್ಚಿನ ಮನೆಗಳಲ್ಲಿ ಮೊದಲ ಕರು ಬರುವಾಗ 3 ವರ್ಷ ದಾಟಿರುತ್ತದೆ. ಆ ಒಂದು ವರ್ಷದ ಹುಲ್ಲು, ಕೂಲಿ, ಹೋದ ಹಾಲು, ಯಾರೂ ಬರೆದಿಟ್ಟಿಲ್ಲ, ಅದಕ್ಕೇ ಕಾಣುವುದಿಲ್ಲ ಅಷ್ಟೇ.

ಮಲೆನಾಡು ಗಿಡ್ಡದ ವಿಷಯ ಇನ್ನೂ ಬೇಸರದ್ದು. ಮಳೆಗೂ ಗುಡ್ಡಕ್ಕೂ ಹೇಳಿ ಮಾಡಿಸಿದ ದನ. ಸೊಪ್ಪಿನ ಬೆಟ್ಟ ಹತ್ತಿ ಮೇದು ಬಂದು ಕೊಟ್ಟಿಗೆಗೆ ಗೊಬ್ಬರ ಕೊಡುತ್ತದೆ, ಸಣ್ಣಪುಟ್ಟ ಕಾಯಿಲೆಗೆ ಬಗ್ಗುವುದಿಲ್ಲ. ಸರಕಾರದ ತಳಿ ಪಟ್ಟಿಯಲ್ಲಿ ಅದಕ್ಕೆ ಹೆಸರಿದೆ. ಆದರೆ ಒಳ್ಳೆಯ ಗಿಡ್ಡದ ಕಡಸು ಬೇಕು ಅಂತ ಹೊರಟರೆ ಯಾರ ಮನೆಗೆ ಹೋಗಬೇಕು? ಯಾವ ಹೋರಿಯದ್ದು ಅಂತ ಹೇಳುವವರು ಯಾರು? ತಳಿಗೆ ಹೆಸರಿದೆ, ಕಡಸಿಗೆ ಚೀಟಿ ಇಲ್ಲ.

ಗಂಡುಕರುಗಳ ಮಾತೂ ಬರಲೇಬೇಕು. ಟಿಲ್ಲರ್ ಬಂದ ಮೇಲೆ ಎತ್ತು ಬೇಡವಾಯಿತು. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ತಡೆ ಕಾನೂನು ಇದೆ, ನಮ್ಮ ಮನೆಯ ನಂಬಿಕೆಯೂ ಅದೇ. ಆದರೆ ಸಾಕುವವರಿಲ್ಲ. ರಜೆಗೆ ಬಂದಾಗ ಕಾರವಾರದಿಂದ ಅಂಕೋಲಾ ಕಡೆಗೆ ರಾತ್ರಿ ಹೆದ್ದಾರಿಯಲ್ಲಿ ಬರುತ್ತಿದ್ದೆ. ರಸ್ತೆಯ ನಡುವೆ ಹೋರಿಕರುಗಳು ಬೆಚ್ಚಗಿನ ಡಾಂಬರಿನ ಮೇಲೆ ಮಲಗಿದ್ದವು. ಒಂದರ ಹಿಂಗಾಲು ಮುರಿದು ಜೋತಾಡುತ್ತಿತ್ತು. ಪೂಜೆ ಮಾಡುವ ನಾಡಿನಲ್ಲಿ ಕರುವನ್ನು ಹೀಗೆ ಬಿಡುವುದನ್ನು ನನ್ನಿಂದ ಸಹಿಸಲಿಕ್ಕೆ ಆಗಲಿಲ್ಲ. ಹತ್ತಕ್ಕೆ ಒಂಬತ್ತು ಹೆಣ್ಣುಕರುವೇ ಹುಟ್ಟುವಂಥ ವೀರ್ಯದ ಕಡ್ಡಿಗಳು ಈಗ ಸಿಗುತ್ತವೆ. ಮಿಶ್ರತಳಿ ಸಾಕುವವರು ಅದನ್ನೇ ಕೇಳಿ ಹಾಕಿಸಬೇಕು. ಇದನ್ನು ಒಬ್ಬೊಬ್ಬರೇ ಕೇಳುವುದಕ್ಕಿಂತ ಸಂಘವಾಗಿ ಕೇಳಿದರೆ ತರಿಸಿಕೊಡುತ್ತಾರೆ.

"ಎರಡು ಕಡಸಿಗೆ ಸಂಘ ಎಂತಕ್ಕೆ?" ಅಂತ ಅಣ್ಣ ಕೇಳಿದ. ಅಮೆರಿಕದವರದ್ದು ಸಾವಿರ ದನದ ಲೆಕ್ಕ ಅಂತ ಅವನ ಅಂದಾಜು. ಹಾಗಿಲ್ಲ. ಮಿಸೌರಿಯಲ್ಲಿ ಹೆಚ್ಚಿನವರು ನಮ್ಮ ನೆರೆಯವರ ಹಾಗೆ ಸಣ್ಣ ಸಾಕಣೆದಾರರೇ. ಒಬ್ಬೊಬ್ಬರ ನಾಲ್ಕೈದು ಕಡಸು ನೋಡಲಿಕ್ಕೆ ದೂರದಿಂದ ಯಾರೂ ಬರುವುದಿಲ್ಲ. 30 ಮನೆಯವು ಒಂದೇ ನಿಯಮದಲ್ಲಿ, ಒಂದೇ ದಿನ, ಒಂದೇ ಅಂಗಳಕ್ಕೆ ಬಂದರೆ ಪಕ್ಕದ ರಾಜ್ಯದವರೂ ಬರುತ್ತಾರೆ. ಕಡಸಿಗೆ ಇಷ್ಟು ಅಂತ ಶುಲ್ಕವನ್ನೂ ಸಾಕುವವರೇ ಕಟ್ಟುತ್ತಾರೆ. ನಮ್ಮಲ್ಲಿ ಹಾಲಿನ ಡೇರಿ ಹಳ್ಳಿಹಳ್ಳಿಗೂ ಇದೆ. ಕಿವಿಯ ಹಳದಿ ಓಲೆಯಲ್ಲಿ 12 ಅಂಕೆಯ ನಂಬರ್ ಇದೆ. ಕಾಲುಬಾಯಿ ಜ್ವರಕ್ಕೆ, 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಕಂದು ರೋಗಕ್ಕೆ ಲಸಿಕೆ ಸರಕಾರವೇ ಹಾಕುತ್ತದೆ. ಇನ್ನು ಬೇಕಾದದ್ದು ಡೇರಿಯ ಅಂಗಳದಲ್ಲಿ ವರ್ಷಕ್ಕೆ ಎರಡು ದಿನ, ಗಬ್ಬ ನೋಡಿ ಸಹಿ ಹಾಕುವ ಒಬ್ಬರು ವೈದ್ಯರು, ಸುಳ್ಳು ಹೇಳಿದವನ ಕಡಸನ್ನು ಮುಖ ನೋಡದೆ ವಾಪಸ್ ಕಳಿಸುವ ಗಟ್ಟಿತನ. ಕೊನೆಯದ್ದೇ ಕಷ್ಟ, ಎಲ್ಲರೂ ನೆಂಟರಲ್ವಾ. ಆದರೆ ಅಡಿಕೆಯಲ್ಲಿ ನೆಂಟರ ಗೋಟನ್ನೂ ಗೋಟು ಅಂತಲೇ ಬರೆಯುತ್ತೇವೆ.

ಆ ಮೋಸದ ಕಡಸು ಈಗಲೂ ನಮ್ಮ ಕೊಟ್ಟಿಗೆಯಲ್ಲೇ ಇದೆ. ಮಾರಲಿಲ್ಲ. ಹಿಂಡಿ ಹಾಕಿ ಅಂತ ನಾನೇ ಹಠ ಹಿಡಿದೆ. ಮೊನ್ನೆ ಅಣ್ಣನ ಕೈಲಿ ಟೇಪು ಕೊಡಿಸಿ ವೀಡಿಯೋ ಕಾಲಿನಲ್ಲಿ ಅಳತೆ ತೆಗೆಸಿದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ 56 ಇಂಚು. ಭುಜದ ಮೂಳೆಯಿಂದ ಹಿಂದಿನ ಮೂಳೆಯವರೆಗೆ ಉದ್ದ 50 ಇಂಚು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ. ಸುಮಾರು 523 ಬಂತು, 237 ಕಿಲೋ. ಜರ್ಸಿ ಕ್ರಾಸಿಗೆ ಸಾಕು. ಮುಂದಿನ ಬೆದೆಗೆ ಇಂಜೆಕ್ಷನ್ ಕೊಡಿಸುವುದು ಅಂತ ಆಯಿತು.

ಅತ್ತಿಗೆ ಅಪ್ಪಯ್ಯನ ಹಳೆಯ ಅಡಿಕೆ ಲೆಕ್ಕದ ಪುಸ್ತಕ ತಂದಳು. ಹಿಂದಿನ ಹಾಳೆಗಳು ಖಾಲಿ ಇದ್ದವು. ಅಣ್ಣ ಕಡಸಿನ ಕಿವಿ ಹಿಡಿದು ಓಲೆಯ ನಂಬರ್ ಒಂದೊಂದೇ ಅಂಕೆ ಓದಿದ. ಅವಳು ಬರೆದಳು, ತಾರೀಕು ಹಾಕಿದಳು, ಅದರ ಕೆಳಗೆ 237 ಅಂತ ಬರೆದಳು. ತಂದೆ, ತಾಯಿ ಅಂತ ಎರಡು ಸಾಲು ಎಳೆದು ಹಾಗೇ ಬಿಟ್ಟಳು.